ಸಾರಿ ಹೇಳೋದು ಕಲಿಸಿದ್ರಿ, ಆಮೇಲೆ?

ಮೊನ್ನೆ ಹಾವೇರಿ ಕಡೆಯ ಒಂದು ಪದವಿ ಕಾಲೇಜಿಗೆ ಹೋಗಿದ್ದೆ. ಕಾಲೇಜಿನ ಹೆಸರು ಬೇಡ. ಕರೆದಿದ್ದು ಮಾಧ್ಯಮದ ಬಗ್ಗೆ ಭಾಷಣ ಮಾಡೋಕೆ. ಭಾಷಣ ಮುಗೀತು, ಹಾರ ಹಾಕಿದ್ರು, ಸೆಲ್ಫಿ ಆಯ್ತು. ಹೊರಡೋವಾಗ ಪ್ರಿನ್ಸಿಪಾಲರು, "ಸರ್, ನಮ್ಮಲ್ಲಿ ಕಸ್ಟಮರ್ ಸರ್ವಿಸ್ ಕೋರ್ಸ್ ನಡೀತಿದೆ, ಒಂದು ಹತ್ತು ನಿಮಿಷ ನೋಡಿ ಹೋಗಿ" ಅಂದ್ರು. ಹತ್ತು ನಿಮಿಷಕ್ಕೆ ಅಂತ ಕೂತವನು ಒಂದೂವರೆ ಗಂಟೆ ಕೂತುಬಿಟ್ಟೆ.

ಯಾಕೆ ಅಂತ ಹೇಳ್ತೀನಿ. ಅದಕ್ಕೆ ಮುಂಚೆ ನನ್ನದೊಂದು ಹಳೇ ಕಥೆ.

ನಾನು ಇಂಜಿನಿಯರಿಂಗ್ ಮುಗಿಸಿದ್ದು 2009ರಲ್ಲಿ. ಆರ್ಥಿಕ ಹಿಂಜರಿತದ ಕಾಲ. ಕೈಯಲ್ಲಿ ಆಫರ್ ಲೆಟರ್ ಇತ್ತು, ಜಾಯಿನಿಂಗ್ ಡೇಟ್ ಇರಲಿಲ್ಲ. ಮನೆಯಲ್ಲಿ ಸುಮ್ಮನೆ ಕೂರೋಕಾಗದೆ ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿ ನೈಟ್ ಶಿಫ್ಟ್‌ಗೆ ಸೇರಿಕೊಂಡೆ. ಕೆಲಸ ಏನು? ಅಮೆರಿಕದವರ ಮನೆಯ ರೂಟರ್ ಕೆಟ್ಟರೆ ಇಲ್ಲಿಂದ ಸರಿ ಮಾಡಿಸೋದು. ಮೊದಲ ಮೂರು ವಾರ ಟ್ರೇನಿಂಗ್. ಅದರಲ್ಲಿ ರೂಟರ್ ಬಗ್ಗೆ ಕಲಿಸಿದ್ದು ನಾಲ್ಕು ದಿನ. ಉಳಿದದ್ದೆಲ್ಲ ನಾಲಗೆ ತಿದ್ದೋದು. ನಮ್ಮ ಇಂಗ್ಲಿಷ್‌ನಲ್ಲಿ ಕನ್ನಡದ ವಾಸನೆ ಬಂದರೆ ಅದಕ್ಕೆ 'ಎಂಟಿಐ' ಅಂತಿದ್ದರು, ಮಾತೃಭಾಷೆಯ ಪ್ರಭಾವ ಅಂತ. ಏನೋ ಕಾಯಿಲೆ ಹೆಸರು ಹೇಳಿದ ಹಾಗೆ. ನನಗೆ 'ಕೆವಿನ್' ಅಂತ ನಾಮಕರಣವೂ ಆಯ್ತು. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಆದರೆ ನಿಜ ಹೇಳಬೇಕು, ಅಲ್ಲಿ ಕಲಿತ ಕೆಲವು ವಿಷಯ ನಾಲ್ಕು ವರ್ಷದ ಇಂಜಿನಿಯರಿಂಗ್‌ನಲ್ಲಿ ಯಾರೂ ಕಲಿಸಿರಲಿಲ್ಲ. ಫೋನ್ ಮಾಡಿದವನು ಮೊದಲ ಅರ್ಧ ನಿಮಿಷ ಹೇಳೋದು ಅವನ ಸಮಸ್ಯೆ ಅಲ್ಲ, ಅವನ ಸಿಟ್ಟು. ಆ ಅರ್ಧ ನಿಮಿಷ ಬಾಯಿ ಮುಚ್ಚಿಕೊಂಡು ಕೇಳಬೇಕು. ಆಮೇಲೆ ಅವನು ಹೇಳಿದ್ದನ್ನೇ ನಮ್ಮ ಮಾತಲ್ಲಿ ತಿರುಗಿ ಹೇಳಿ, "ಇದೇ ತಾನೇ?" ಅಂತ ಕೇಳಬೇಕು. ಹೌದು ಅಂದ ತಕ್ಷಣ ಸಿಟ್ಟು ಅರ್ಧ ಇಳಿಯುತ್ತೆ. ಪ್ರಶ್ನೆ ಕೇಳೋದಕ್ಕೂ ಒಂದು ಕ್ರಮ ಇದೆ. ಮೊದಲು "ಏನಾಯ್ತು ಹೇಳಿ" ಅಂತ ಬಾಗಿಲು ಪೂರ್ತಿ ತೆರೆಯೋ ಪ್ರಶ್ನೆ. ಆಮೇಲೆ "ಕೆಂಪು ಲೈಟ್ ಉರೀತಿದೆಯಾ, ಹಸಿರಾ?" ಅಂತ ಕಿರಿದು ಮಾಡ್ತಾ ಹೋಗೋ ಪ್ರಶ್ನೆ. ಟೀವಿಯಲ್ಲಿ ಮಂತ್ರಿಗಳನ್ನು ಸಂದರ್ಶನ ಮಾಡುವಾಗ ನಾನು ಇವತ್ತಿಗೂ ಬಳಸೋದು ಇದನ್ನೇ. ಏನು ಮಾಡೋದು, ಅವರು ಲೈಟ್ ಬಣ್ಣ ಹೇಳಲ್ಲ.

ಈಗ ಕ್ಲಾಸ್‌ರೂಮಿಗೆ ಬರೋಣ.

ಕೌಶಲ ಅನ್ನೋ ಪದ ನಮ್ಮ ಡಿಗ್ರಿ ಕಾಲೇಜುಗಳಿಗೆ ಹೊಸದಲ್ಲ. 2014ರಲ್ಲಿ ಯುಜಿಸಿ ಬಿ.ವೋಕ್ ಅಂತ ಯೋಜನೆ ತಂತು. 2021ರಲ್ಲಿ ರಾಜ್ಯಕ್ಕೆ ಹೊಸ ಶಿಕ್ಷಣ ನೀತಿ ಬಂತು, 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದೆವು. ನೀತಿ ಬದಲಾದರೂ 'ಉದ್ಯೋಗಕ್ಕೆ ಬೇಕಾದ ಕೌಶಲ' ಅನ್ನೋ ಮಾತು ಬದಲಾಗಲಿಲ್ಲ. ಬದಲಾಗಬಾರದು ಕೂಡ. ಬಿ.ಎ., ಬಿ.ಕಾಂ. ಮುಗಿಸಿದ ಹುಡುಗ ಹುಡುಗಿಯರಿಗೆ ಮೊದಲು ಸಿಗೋ ಕೆಲಸ ಯಾವುದು ನೋಡಿ. ಬಟ್ಟೆ ಶೋರೂಂ, ಮೊಬೈಲ್ ಅಂಗಡಿ, ಬ್ಯಾಂಕಿನ ಫ್ರಂಟ್ ಡೆಸ್ಕ್, ಆಸ್ಪತ್ರೆ ಕೌಂಟರ್, ಫೈನಾನ್ಸ್ ಕಂಪನಿಯ ಫೋನು. ಎಲ್ಲ ಕಡೆ ಎದುರಿಗೆ ಒಬ್ಬ ಗಿರಾಕಿ ಇರ್ತಾನೆ.

ಕೋರ್ಸ್ ಹೇಳಿಕೊಡ್ತಿದ್ದ ಮೇಡಂ ಹುಷಾರಿದ್ದರು. ಬೋರ್ಡಿನ ಮೇಲೆ ಒಂದು ಕರೆಯ ಮೆಟ್ಟಿಲುಗಳನ್ನು ಬರೆದಿದ್ದರು: ನಮಸ್ಕಾರ, ಗುರುತು ಪರಿಶೀಲನೆ, ಪ್ರಶ್ನೆ, ಪರಿಹಾರ, ಸಾರಾಂಶ, ಧನ್ಯವಾದ. ಹೋಲ್ಡ್‌ನಲ್ಲಿ ಇಡೋ ಮುಂಚೆ ಅನುಮತಿ ಕೇಳಿ, ಯಾಕೆ ಅಂತ ಹೇಳಿ, ಎಷ್ಟು ಹೊತ್ತು ಅಂತ ಹೇಳಿ. "ಆಗಲ್ಲ" ಅನ್ನೋ ಬದಲು ಏನು ಆಗುತ್ತೋ ಅದನ್ನು ಹೇಳಿ. ಎಲ್ಲ ಸರಿಯಾದ ಪಾಠವೇ. ಆಮೇಲೆ ರೋಲ್ ಪ್ಲೇ. ಒಬ್ಬಳು ಹುಡುಗಿ ಬ್ಯಾಂಕಿನ ಎಕ್ಸಿಕ್ಯೂಟಿವ್, ಒಬ್ಬ ಹುಡುಗ ಗಿರಾಕಿ. ಸಮಸ್ಯೆ ಹುಡುಗನೇ ಆರಿಸಿಕೊಂಡ.

"ಮೇಡಂ, ಎಟಿಎಂನಾಗ ಹತ್ತು ಸಾವಿರ ತಗಿಯಾಕ ಹೋಗಿದ್ವಿ. ರೊಕ್ಕ ಬರಲಿಲ್ಲ, ಅಕೌಂಟ್‌ನಾಗ ಕಟ್ ಆತು. ಇಪ್ಪತ್ಮೂರು ದಿನ ಆತ್ರಿ. ಗೋವಿನಜೋಳದ ಬೀಜ ತರಬೇಕಿತ್ತು."

"ನಿಮಗೆ ಉಂಟಾದ ಅನಾನುಕೂಲತೆಗಾಗಿ ನಾವು ವಿಷಾದಿಸುತ್ತೇವೆ ಸರ್. ನಿಮ್ಮ ಕಾಳಜಿ ನಮಗೆ ಅರ್ಥವಾಗುತ್ತದೆ."

"ಅರ್ಥ ಆದ್ರ ರೊಕ್ಕ ಯಾವಾಗ ಬರ್ತೈತಿ ಹೇಳ್ರಿ."

"ನಿಮ್ಮ ದೂರನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ ಸರ್."

"ಯಾವಾಗ ಬರ್ತೈತಿ?"

"ಆದಷ್ಟು ಬೇಗ ಸರ್."

ಹುಡುಗನ ದನಿ ಬದಲಾಯ್ತು. "ಇದನ್ನ ಅವ್ರೂ ಹೇಳ್ಯಾರ್ರೀ, ಮೂರು ಸಲ" ಅಂದ. ಕ್ಲಾಸು ಗಪ್‌ಚುಪ್. ಅದು ರೋಲ್ ಪ್ಲೇ ಆಗಿರಲಿಲ್ಲ. ಹತ್ತು ಸಾವಿರ ಕಳಕೊಂಡಿದ್ದು ಅವನ ಅಪ್ಪ.

ಮೇಡಂ ಹುಡುಗಿಗೆ ಒಳ್ಳೆ ಅಂಕ ಕೊಟ್ಟರು. ದನಿ ಏರಿಸಲಿಲ್ಲ, ಮಧ್ಯೆ ಬಾಯಿ ಹಾಕಲಿಲ್ಲ, ಸಾರಿ ಹೇಳಿದಳು. ಹಾಳೆಯ ಲೆಕ್ಕದಲ್ಲಿ ಎಲ್ಲ ಸರಿ. ನಾನು ಕೈ ಎತ್ತಿ ಕೇಳಿದೆ: "ಈ ವಿಷಯಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಏನಿದೆ?" ಹುಡುಗಿಗೆ ಗೊತ್ತಿರಲಿಲ್ಲ. ಮೇಡಂಗೂ ಗೊತ್ತಿರಲಿಲ್ಲ. ಅವರ ಕೈಯಲ್ಲಿದ್ದ ಪುಸ್ತಕದಲ್ಲೂ ಇರಲಿಲ್ಲ.

ನಿಯಮ ಇದೆ ವೀಕ್ಷಕರೇ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ. ಎಟಿಎಂನಲ್ಲಿ ನೋಟು ಬರದೆ ಖಾತೆಯಿಂದ ಹಣ ಹೋದರೆ, ವ್ಯವಹಾರ ನಡೆದ ದಿನದಿಂದ 5 ದಿನದೊಳಗೆ ಬ್ಯಾಂಕು ತಾನಾಗಿಯೇ ವಾಪಸ್ ಹಾಕಬೇಕು. ತಡವಾದರೆ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ. ಅದಕ್ಕೆ ನೀವು ಅರ್ಜಿ ಕೊಡಬೇಕಾಗಿಲ್ಲ, ಅಂಗಲಾಚಬೇಕಾಗಿಲ್ಲ. 23 ದಿನ ಅಂದರೆ 18 ದಿನ ತಡ. ಹತ್ತು ಸಾವಿರದ ಜೊತೆ 1,800 ರೂಪಾಯಿ ಸೇರಿಸಿ ಕೊಡಬೇಕು. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಸರಿ ಇಲ್ಲ ಅಂದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಪೈಸೆ ಖರ್ಚಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ಅಂಗಡಿ, ಆನ್‌ಲೈನ್ ಸಾಮಾನು, ಇಂಥ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಈಗ ಅದೇ ಸಂಭಾಷಣೆ ಇನ್ನೊಮ್ಮೆ ಊಹಿಸಿ. "ಅಣ್ಣಾರ, ಐದು ದಿನದಾಗ ಬರಬೇಕಿತ್ತು, ನಮ್ಮದ ತಪ್ಪಾಗೇತಿ. ತಡ ಆದ ದಿನದ ರೊಕ್ಕಾನೂ ಸೇರಿ ಬರ್ತೈತಿ. ದೂರಿನ ನಂಬರ್ ಬರಕೊಳ್ರಿ." ಎಷ್ಟು ಮಾತು? ಮೂರು. ಅದರಲ್ಲಿ ವಿಷಾದಿಸುತ್ತೇವೆ ಅನ್ನೋ ಪದವೇ ಇಲ್ಲ.

1980ರ ದಶಕದಲ್ಲಿ ಪರಶುರಾಮನ್, ಝೈತಮಲ್, ಬೆರ್ರಿ ಅಂತ ಮೂವರು ಸಂಶೋಧಕರು ಅಮೆರಿಕದಲ್ಲಿ ಇದನ್ನೇ ಅಳೆದು ನೋಡಿದರು. ಒಳ್ಳೆ ಸೇವೆ ಅಂತ ಜನ ಯಾವುದಕ್ಕೆ ಅಂತಾರೆ? ಐದು ಅಂಶ ಸಿಕ್ಕವು. ಅಂಗಡಿ ಚೆನ್ನಾಗಿರೋದು, ಬೇಗ ಸ್ಪಂದಿಸೋದು, ನಂಬಿಕೆ ಹುಟ್ಟಿಸೋದು, ಗಿರಾಕಿಯ ಕಷ್ಟ ಅರಿಯೋದು, ಹೇಳಿದ್ದನ್ನು ಹೇಳಿದ ಹಾಗೆ ಮಾಡೋದು. ಎಲ್ಲಕ್ಕಿಂತ ಮೇಲೆ ನಿಂತದ್ದು ಕೊನೆಯದು. ನಮ್ಮ ಕೋರ್ಸುಗಳು ಹೆಚ್ಚು ಹೊತ್ತು ಕಳೆಯೋದು ನಗು, ದನಿ, ಉಚ್ಚಾರಣೆ ಮೇಲೆ. ಅದು ಕಲಿಸೋಕೆ ಸುಲಭ, ಅಂಕ ಹಾಕೋಕೂ ಸುಲಭ.

ಭಾಷೆಯ ವಿಷಯ ಬಿಡೋಕಾಗಲ್ಲ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಒಂದು ಬ್ಯಾಂಕ್ ಶಾಖೆಯಲ್ಲಿ ಕನ್ನಡ ಮಾತಾಡಲ್ಲ ಅಂದ ವಿಡಿಯೋ ನಾವೆಲ್ಲ ತೋರಿಸಿದ್ವಿ. ದಿನಪೂರ್ತಿ ತೋರಿಸಿದ್ವಿ, ಒಪ್ಕೋತೀನಿ. ಬ್ಯಾಂಕ್ ಸಿಬ್ಬಂದಿಗೆ ಸ್ಥಳೀಯ ಭಾಷೆ, ಸಂಸ್ಕೃತಿಯ ಬಗ್ಗೆ ತರಬೇತಿ ಕಡ್ಡಾಯ ಮಾಡಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರವನ್ನು ಒತ್ತಾಯಿಸಿದರು. ಸರಿಯೇ. ಆದರೆ ಹಾವೇರಿಯ ಹುಡುಗಿಗೆ ಕನ್ನಡ ಬರುತ್ತಲ್ಲ? ಅದೇ ಊರಿನ ಕನ್ನಡ, ಅಪ್ಪ ಅಮ್ಮನ ಕನ್ನಡ. ಅದನ್ನು ಬಿಡಿಸಿ ನಾವೇ ಅವಳ ಬಾಯಿಗೆ 'ಅನಾನುಕೂಲತೆ' ತುರುಕಿದ್ದೀವಿ. ಇಂಗ್ಲಿಷ್ ಸ್ಕ್ರಿಪ್ಟನ್ನು ಯಾರೋ ಪದಕ್ಕೆ ಪದ ಇಟ್ಟು ಇಳಿಸಿದ್ದು ಅದು. ಆ ಕನ್ನಡದಲ್ಲಿ ಯಾರ ಮನೆಯಲ್ಲೂ ಯಾರೂ ಮಾತಾಡಲ್ಲ.

ಇನ್ನೊಂದು, ಹುಡುಗಿಯ ಪರವಾಗಿ. ಕೌಂಟರಿನಲ್ಲಿ ಕೂತವರ ಕೈಯಲ್ಲಿ ಅಧಿಕಾರ ಇರಲ್ಲ. ಹಣ ವಾಪಸ್ ಹಾಕೋ ಬಟನ್ ಅವಳ ಕಂಪ್ಯೂಟರಿನಲ್ಲಿ ಇಲ್ಲ. ಆದರೆ ಬೈಗುಳ ಬರೋದು ಅವಳ ಕಿವಿಗೆ. 1983ರಲ್ಲಿ ಆರ್ಲಿ ಹಾಕ್‌ಶೀಲ್ಡ್ ಅನ್ನೋ ಸಮಾಜಶಾಸ್ತ್ರಜ್ಞೆ ವಿಮಾನದ ಗಗನಸಖಿಯರನ್ನು ಅಧ್ಯಯನ ಮಾಡಿ ಒಂದು ಪುಸ್ತಕ ಬರೆದರು. ಒಳಗೆ ಏನೇ ಇರಲಿ ಮುಖದಲ್ಲಿ ನಗು ಇಟ್ಟುಕೊಳ್ಳೋದೂ ಒಂದು ದುಡಿಮೆ, ಅದರಿಂದಲೂ ಮನುಷ್ಯ ದಣೀತಾನೆ ಅಂದರು. ಕೆವಿನ್ ಆಗಿದ್ದ ನನಗೆ ಇದು ಓದದೆಯೂ ಗೊತ್ತಿತ್ತು. ಬೆಳಿಗ್ಗೆ ಆರಕ್ಕೆ ಕ್ಯಾಬ್‌ನಲ್ಲಿ ಮನೆಗೆ ಬಂದು ಅಮ್ಮ "ಕಾಫಿ ಕುಡೀತೀಯಾ?" ಅಂದರೆ ರೇಗಿಬಿಡ್ತಿದ್ದೆ. ರಾತ್ರಿಯೆಲ್ಲ ಪರದೇಶದವರಿಗೆ ತೋರಿಸಿದ ತಾಳ್ಮೆ ಅಮ್ಮನ ಪಾಲಿಗೆ ಉಳೀತಿರಲಿಲ್ಲ. ಅವಾಚ್ಯವಾಗಿ ಬೈಯೋನ ಕರೆಯನ್ನು ಯಾವಾಗ ಕಟ್ ಮಾಡಬಹುದು, ಯಾವಾಗ ಮೇಲಿನವರಿಗೆ ದಾಟಿಸಬೇಕು, ಗ್ರಾಹಕನ ಹಕ್ಕು ಎಲ್ಲಿಗೆ ಮುಗಿಯುತ್ತೆ, ಇದೂ ಪಾಠದಲ್ಲಿ ಬರಬೇಕು. ಆ ದಿನ ನಾನು ನೋಡಿದ ಪುಸ್ತಕದಲ್ಲಿ ಇದಕ್ಕೆ ಒಂದು ಪುಟವೂ ಇರಲಿಲ್ಲ.

ಮೇಡಂ ಬೇಜಾರು ಮಾಡ್ಕೊಳ್ಳಲಿಲ್ಲ. ಬೋರ್ಡಿನ ಮೇಲೆ ಸಾರಾಂಶ ಅಂತಿದ್ದ ಜಾಗದ ಪಕ್ಕ 'ನಿಯಮ' ಅಂತ ಸೇರಿಸಿದರು. ಮುಂದಿನ ವಾರ ಪ್ರತಿಯೊಬ್ಬರೂ ಮನೆಯವರಿಗೆ ಆದ ಒಂದು ನಿಜವಾದ ತೊಂದರೆ ತರಬೇಕು, ಅದಕ್ಕೆ ಯಾವ ನಿಯಮ ಇದೆ ಅಂತ ಹುಡುಕಿಕೊಂಡು ಬರಬೇಕು ಅಂದರು. ಒಬ್ಬ, "ಮೇಡಂ, ಕರೆಂಟ್ ಬಿಲ್ ನಡೀತದಾ?" ಅಂತ ಕೇಳಿದ. ನಡೀತದೆ ಅಂದರು.

ನಾನು ಕಾರಿನ ಹತ್ತಿರ ಬರೋ ಹೊತ್ತಿಗೆ ಆ ಹುಡುಗ, ಎಕ್ಸಿಕ್ಯೂಟಿವ್ ಆಗಿದ್ದ ಹುಡುಗಿ, ಇನ್ನೂ ಮೂವರು ಮರದ ಕೆಳಗೆ ನಿಂತಿದ್ದರು. ಫೋನ್ ಸ್ಪೀಕರ್‌ನಲ್ಲಿತ್ತು. ಹುಡುಗಿ ನೋಟ್‌ಬುಕ್ ಹಿಡಿದು, "ಮೊದಲ ಸುತ್ತೋಲೆ ಅನ್ನು, ಆಮ್ಯಾಲೆ ನೂರು ರೂಪಾಯಿ ಅನ್ನು" ಅಂತ ಪಿಸುಗುಡ್ತಿದ್ದಳು. ಫೋನಿನಿಂದ ಸಂಗೀತ ಬರ್ತಿತ್ತು. ಮಧ್ಯೆ ಮಧ್ಯೆ ಒಂದು ಹೆಣ್ಣು ದನಿ, ನಿಮ್ಮ ಕರೆ ನಮಗೆ ಅತ್ಯಮೂಲ್ಯ ಅಂತಿತ್ತು.