ಕೀಲುಕುದುರೆ ಏರಿ ಬಂದ ರಾಕ್

ಜಯನಗರದಲ್ಲಿ ನಮ್ಮ ಹಿಂದಿನ ರಸ್ತೆಯ ಮನೆಯೊಂದರ ಗ್ಯಾರೇಜಿನಲ್ಲಿ ಕಾರಿನ ಬದಲು ಡ್ರಮ್ಸ್ ಇತ್ತು. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಇಂಜಿನಿಯರಿಂಗ್ ಓದುತ್ತಿದ್ದ ನಾಲ್ಕು ಹುಡುಗರು ಸಂಜೆ ಆರಕ್ಕೆ ಬಾಗಿಲು ಎಳೆದುಕೊಂಡರೆ ಒಂಬತ್ತರ ತನಕ ಬಾರಿಸುತ್ತಿದ್ದರು. ಸದ್ದು ಆಚೆ ಹೋಗಬಾರದೆಂದು ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದರು. ಏಕಾದಶಿಗೆ ಈರುಳ್ಳಿಯನ್ನೂ ಹೊಸಿಲಾಚೆ ಇಡುವ ಮನೆ ಅದು. ಟ್ರೇಗಳು ಖಾಲಿ ಇವೆಯೋ ಇಲ್ಲವೋ ಎಂದು ಅವರಜ್ಜಿ ದಿನಕ್ಕೊಮ್ಮೆ ಬಂದು ನೋಡಿ ಹೋಗುತ್ತಿದ್ದರಂತೆ. ಅಸಲಿಗೆ ಮೊಟ್ಟೆ ಟ್ರೇಯಿಂದ ಸದ್ದು ನಿಲ್ಲುವುದಿಲ್ಲ, ಕೋಣೆಯೊಳಗಿನ ಮಾರ್ದನಿ ಕೊಂಚ ತಗ್ಗುತ್ತದೆ, ಅಷ್ಟೆ. ಇದು ಇಡೀ ಬೀದಿಗೆ ಗೊತ್ತಿತ್ತು, ಆ ಹುಡುಗರಿಗೆ ಮಾತ್ರ ಗೊತ್ತಿರಲಿಲ್ಲ.

ಬನಶಂಕರಿ, ಜೆಪಿ ನಗರ, ಬಿಟಿಎಂ ಕಡೆಗಳಲ್ಲಿ ಇಂಥ ಗ್ಯಾರೇಜುಗಳು, ತಾರಸಿ ಮೇಲಿನ ಶೀಟಿನ ಕೋಣೆಗಳು ಆಗ ಬೇಕಾದಷ್ಟಿದ್ದವು. ಹೆಚ್ಚಿನ ಬ್ಯಾಂಡುಗಳು ಕಾಲೇಜ್ ಫೆಸ್ಟಿನಲ್ಲಿ ಹುಟ್ಟಿ ಕ್ಯಾಂಪಸ್ ಸೆಲೆಕ್ಷನ್ನಿನಲ್ಲಿ ತೀರಿಕೊಂಡವು. ನಮ್ಮ ಹಿಂದಿನ ರಸ್ತೆಯದೂ ಹಾಗೇ ಆಯಿತು. ಹಾಗಾಗದೆ ಉಳಿದ ಒಂದರ ಕಥೆ ಇದು. ಅದರ ಹೆಸರು ಸ್ವರಾತ್ಮ, ಹುಟ್ಟಿದ್ದು 2002ರಲ್ಲಿ, ಬೆಂಗಳೂರಿನಲ್ಲಿ.

ಬೆಂಗಳೂರಿಗೆ ‘ರಾಕ್ ರಾಜಧಾನಿ’ ಎಂಬ ಬಿರುದು ಹಳೆಯದು. ಆದರೆ ಆ ರಾಜಧಾನಿಯ ಗಡಿ ಬಹಳ ಕಾಲ ದಂಡುಪ್ರದೇಶದ ಬೀದಿಗಳಲ್ಲೇ ಮುಗಿಯುತ್ತಿತ್ತು. ಭಾಷೆ ಇಂಗ್ಲಿಷು, ಹಾಡು ಹೊರಗಿನವರದು. ಡೀಪ್ ಪರ್ಪಲ್‌ನ ಗಿಟಾರನ್ನು ತಪ್ಪಿಲ್ಲದೆ ನುಡಿಸಿದವನೇ ದೊಡ್ಡವನು. ಸ್ವಂತ ಹಾಡು ಕಟ್ಟಿದವರೂ ಇದ್ದರು. 1996ರಲ್ಲಿ ಹೊಸೂರು ರಸ್ತೆಯ ಕ್ರೈಸ್ಟ್ ಕಾಲೇಜಿನ ಹುಡುಗರು ಕಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಅಂಥದ್ದು. ಮೂವರು ಮಲಯಾಳಿಗಳ ಜೊತೆ ಕಾಲುಭಾಗ ಮಲಯಾಳಿಯೊಬ್ಬ ಸೇರಿದ್ದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ನಗರದ ಟ್ರಾಫಿಕ್ಕು, ಆಟೋಗಳ ಬಗ್ಗೆ ಹಾಡಿದ ಒಳ್ಳೆಯ ಬ್ಯಾಂಡ್ ಅದು. ಆದರೂ ಹಾಡಿದ್ದು ಇಂಗ್ಲಿಷಿನಲ್ಲಿ.

ಊರಿನ ಈ ಕಡೆ, ಅಂದರೆ ಲಾಲ್‌ಬಾಗಿನ ದಕ್ಷಿಣಕ್ಕೆ, ಸಂಗೀತವೆಂದರೆ ಬೇರೆಯೇ ಆಗಿತ್ತು. ರಾಮನವಮಿಯ ಕಛೇರಿ, ರಾಜ್ಯೋತ್ಸವದ ಸುಗಮ ಸಂಗೀತ, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ. ಆರ್ಕೆಸ್ಟ್ರಾ ಎಂದರೆ ಮೂಗು ಮುರಿಯುವವರಿದ್ದಾರೆ. ನನ್ನ ಪ್ರಕಾರ ಈ ಊರಿನ ನಿಜವಾದ ಲೈವ್ ಮ್ಯೂಸಿಕ್ ಶಾಲೆ ಅದೇ. ಅರ್ಧ ಕಿತ್ತುಹೋದ ಮೈಕು, ಕುಂಯ್‌ಗುಡುವ ಸ್ಪೀಕರು, ‘ಅಣ್ಣಾವ್ರ ಹಾಡು ಹಾಡ್ರೀ’ ಎಂದು ಚೀಟಿ ಕಳಿಸುವ ಜನ. ಇಷ್ಟರ ನಡುವೆ ಶ್ರುತಿ ಬಿಡದೆ ಹಾಡಿದವನನ್ನು ಯಾವ ವೇದಿಕೆಗಾದರೂ ಕಳಿಸಬಹುದು. 2005ರಲ್ಲಿ ಸಿ. ಅಶ್ವಥ್ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಮಾಡಿದಾಗ ಭಾವಗೀತೆಗೆ ಮೈದಾನ ತುಂಬಿತು. ರಾಕ್ ಕಛೇರಿಗೆ ಮಾತ್ರ ಇಷ್ಟು ಜನ ಸೇರುತ್ತಾರೆಂದು ನಂಬಿದ್ದವರು ಅಂದು ಬಾಯಿ ಮುಚ್ಚಿದರು.

ಈ ಎರಡು ಊರುಗಳ ನಡುವೆ ದಾರಿ ಮಾಡಿದವರು ಮೈಸೂರಿನ ಅಣ್ಣತಮ್ಮಂದಿರು ಎಂಬುದು ಸ್ವಾರಸ್ಯ. ಅಣ್ಣ ರಘು ದೀಕ್ಷಿತ್ ‘ಅಂತರಾಗ್ನಿ’ ಬ್ಯಾಂಡ್ ಕಟ್ಟಿ, ಆಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂದು ಹೊರಟರು. ಕಂಪನಿಗಳ ಬಾಗಿಲು ತಟ್ಟಿ ವರ್ಷಗಟ್ಟಲೆ ಸುಸ್ತಾದ ಮೇಲೆ, 2008ರಲ್ಲಿ ಮುಂಬೈನ ವಿಶಾಲ್–ಶೇಖರ್ ಜೋಡಿ ಅವರ ಮೊದಲ ಆಲ್ಬಂ ಹೊರತಂದಿತು. ಶಿಶುನಾಳ ಷರೀಫರ ತತ್ವಪದಗಳಿಗೆ ಎಲೆಕ್ಟ್ರಿಕ್ ಗಿಟಾರ್ ಹೊಂದುತ್ತದೆಂದು ಅನೇಕರಿಗೆ ಗೊತ್ತಾದದ್ದು ಅದರಿಂದ. ತಮ್ಮ ವಾಸು ದೀಕ್ಷಿತ್ ಸ್ವರಾತ್ಮದ ಮುಖ್ಯ ಗಾಯಕ. ಅಣ್ಣನದು ಒಬ್ಬ ಹಾಡುಗಾರನ ಸುತ್ತ ಕಟ್ಟಿದ ತಂಡ. ಸ್ವರಾತ್ಮ ಹೆಸರಿನಲ್ಲೂ ನಡೆಯಲ್ಲೂ ಬ್ಯಾಂಡ್: ಬೇಸ್ ಗಿಟಾರಿಗೆ ಜಿಷ್ಣು ದಾಸ್‌ಗುಪ್ತ, ಲೀಡ್‌ಗೆ ವರುಣ್ ಮುರಳಿ, ಪಿಟೀಲಿಗೆ ಸಂಜೀವ್ ನಾಯಕ್, ತಾಳವಾದ್ಯಕ್ಕೆ ಪವನ್ ಕುಮಾರ್, ಡ್ರಮ್ಸ್‌ಗೆ ಮೊದಲು ಮಾಂಟ್ರಿ ಮ್ಯಾನುಯೆಲ್, ಆಮೇಲೆ ಜೋಯಲ್ ಮಿಲನ್ ಬ್ಯಾಪ್ಟಿಸ್ಟ್. ಹೆಸರುಗಳನ್ನು ಓದಿದರೆ ಬಿಟಿಎಂ ಲೇಔಟಿನ ಯಾವುದೋ ಅಪಾರ್ಟ್‌ಮೆಂಟಿನ ಬೆಲ್ ಬೋರ್ಡು ಓದಿದ ಹಾಗಿರುತ್ತದೆ.

ಅವರನ್ನು ನೋಡಿದವರಿಗೆ ಹಾಡಿಗಿಂತ ಮೊದಲು ನೆನಪಾಗುವುದು ಕುದುರೆ. ವಾಸು ಸೊಂಟಕ್ಕೆ ಬಣ್ಣದ ಕುದುರೆಯೊಂದನ್ನು ಕಟ್ಟಿಕೊಂಡು ಬರುತ್ತಾರೆ. ದಸರೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ ನಾವೆಲ್ಲ ನೋಡಿದ ಕೀಲುಕುದುರೆಯ ಸಂತಾನ ಅದು. ಮುಂದೆ ಕುದುರೆಯ ತಲೆ, ಹಿಂದೆ ಬಾಲ, ನಡುವಿನ ತೂತಿನಲ್ಲಿ ಮನುಷ್ಯ. ಸವಾರನೂ ಅವನೇ, ಕುದುರೆಯ ಕಾಲೂ ಅವನದೇ. ಹಿಂದಿನಿಂದ ತಾಳ ಏರುತ್ತಿದ್ದಂತೆ ಆ ಕುದುರೆ ಒಮ್ಮೆ ಕುಣಿಯುತ್ತದೆ, ಒಮ್ಮೆ ಹಠ ಮಾಡುತ್ತದೆ, ಒಮ್ಮೊಮ್ಮೆ ಜನರ ನಡುವೆಯೇ ನುಗ್ಗುತ್ತದೆ. ಕಪ್ಪು ಟೀ ಶರ್ಟು ಹಾಕಿ, ಉದ್ದ ಕೂದಲು ಬಿಟ್ಟು, ತಲೆ ತಗ್ಗಿಸಿ ಗಿಟಾರ್ ಬಾರಿಸುವವರನ್ನೇ ನೋಡಿದ್ದ ಬೆಂಗಳೂರಿನ ರಾಕ್ ವೇದಿಕೆಗೆ ಇದು ದೊಡ್ಡ ಉಪಕಾರ. ರಾಕ್ ನೋಡುವಾಗ ನಗಬಹುದೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಮೊದಲ ವರ್ಷಗಳ ದಾರಿ ಎಲ್ಲ ಬ್ಯಾಂಡುಗಳದ್ದೇ: ಕಾಲೇಜಿನ ಅಂಗಳ, ಪಬ್ಬಿನ ಮೂಲೆ, ಬಯಲು ರಂಗಮಂದಿರ. ಕನಕಪುರ ರಸ್ತೆಯಲ್ಲಿ ಬನಶಂಕರಿ ದಾಟಿ ಇನ್ನೂ ದೂರ ಹೋದರೆ ದಿಣ್ಣೆಪಾಳ್ಯ. ಅಲ್ಲಿನ ಫೈರ್‌ಫ್ಲೈಸ್ ಆಶ್ರಮದ ದೊಡ್ಡ ಆಲದ ಮರದಡಿ ರಾತ್ರಿಯಿಡೀ ಸಂಗೀತೋತ್ಸವ ನಡೆಯುತ್ತಿತ್ತು. ಶಾಲು ಹೊದ್ದು, ಕಟ್ಟೆಯ ಮೇಲೆ ಕೂತು, ಬೆಳಗಿನ ಜಾವ ಚಳಿಗೆ ಹಲ್ಲು ಕಡಿಯುತ್ತ ಕೇಳುವ ಜನ. ಜಾನಪದ ಕಲಾವಿದರು ಇಳಿದ ವೇದಿಕೆಗೇ ಬ್ಯಾಂಡಿನವರು ಹತ್ತಬೇಕು. ಹಾಗೆ ಹತ್ತಿದವರಿಗೆ ಬರೀ ಸದ್ದಿನ ಮೇಲೆ ಬದುಕಲು ಸಾಧ್ಯವಿಲ್ಲವೆಂದು ತಿಳಿಯುತ್ತದೆ. ಬಯಲಾಟದ ಭಾಗವತರ ಹಾಗೆ ಬೆಳಗಿನ ತನಕ ಜನರನ್ನು ಹಿಡಿದಿಡಬೇಕು.

ಜಾನಪದ ರಾಕ್ ಎಂದರೆ ಹಳ್ಳಿ ಹಾಡಿನ ಕೆಳಗೆ ಡ್ರಮ್ಸ್ ಇಡುವುದು ಎಂದುಕೊಂಡವರಿಗೆ ಒಂದು ಮಾತು. ನಮ್ಮ ಸಂಗೀತದಲ್ಲಿ ಶ್ರುತಿ ಒಂದೇ, ಷಡ್ಜ ಕದಲುವುದಿಲ್ಲ. ಗಿಟಾರಿನ ಕಾರ್ಡು ಹೆಜ್ಜೆಹೆಜ್ಜೆಗೂ ನೆಲವನ್ನೇ ಬದಲಿಸುತ್ತದೆ. ಹಾಡುವವನು ಗಾಂಧಾರವನ್ನು ತೂಗಿಸಿ ನಿಂತಿರುವಾಗ ಗಿಟಾರಿನವನು ತಪ್ಪು ಕಾರ್ಡಿಗೆ ಜಾರಿದರೆ ರಾಗ ಅಲ್ಲೇ ಸತ್ತಿತು. ಅದಕ್ಕೆ ಈ ಬಗೆಯ ಬ್ಯಾಂಡುಗಳು ಎರಡೋ ಮೂರೋ ಕಾರ್ಡಿನಲ್ಲಿ ಸಂಸಾರ ನಡೆಸುತ್ತವೆ. ಬೇಸ್ ಗಿಟಾರು ತಂಬೂರಿಯ ಕೆಲಸಕ್ಕೆ ಇಳಿಯುತ್ತದೆ, ಗಮಕವನ್ನು ಪಿಟೀಲಿಗೆ ಬಿಟ್ಟುಕೊಡುತ್ತದೆ. ಪಿಟೀಲಂತೂ ಎರಡೂ ಮನೆಯ ಮಗಳು, ಬಾಕ್‌ಗೂ ಬರುತ್ತದೆ, ಭೈರವಿಗೂ ಬರುತ್ತದೆ. ತಾಳದಲ್ಲಿ ಇನ್ನೊಂದು ತಕರಾರು: ಡ್ರಮ್ಸ್‌ನವನಿಗೆ ನಾಲ್ಕರ ಎಣಿಕೆ ಸಲೀಸು, ನಮ್ಮ ಕುಣಿತಗಳಿಗೆ ಮೂರು–ಆರರ ನಡೆ ಇಷ್ಟ. ಕೈವಾದ್ಯದವನು ನಡುವೆ ನಿಂತು ಇಬ್ಬರಿಗೂ ರಾಜಿ ಮಾಡಿಸುತ್ತಾನೆ. ಒಳ್ಳೆಯ ದಿನ ಈ ರಾಜಿ ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

2009 ಸ್ವರಾತ್ಮದ ವರ್ಷ. ಬ್ಯಾಂಡಿನ ಹೆಸರಿನದೇ ಮೊದಲ ಆಲ್ಬಂ ಬಂತು. ಬ್ರಿಟಿಷ್ ಕೌನ್ಸಿಲ್ಲಿನ ‘ಸೌಂಡ್‌ಪ್ಯಾಡ್’ ಯೋಜನೆಗೆ ದೇಶದ ನಾಲ್ಕು ಬ್ಯಾಂಡುಗಳು ಆಯ್ಕೆಯಾದವು, ಅದರಲ್ಲಿ ಸ್ವರಾತ್ಮವೂ ಒಂದು. ಧ್ವನಿಮುದ್ರಣ ಮಾಡಿಸಿದವರು ಜಾನ್ ಲೆಕಿ, ರೇಡಿಯೋಹೆಡ್ ಬ್ಯಾಂಡಿನ ‘ದ ಬೆಂಡ್ಸ್’ ನಿರ್ಮಿಸಿದ ಅದೇ ಮನುಷ್ಯ. ಜೊತೆಗೆ ಬ್ರಿಟನ್ನಿನ ಪ್ರವಾಸ. ಕೀಲುಕುದುರೆ ಅಲ್ಲೂ ಕುಣಿಯಿತು. 2012ರಲ್ಲಿ ‘ಟೋಪಿವಾಲೆ’ ಬಂತು. ರಾಜಕಾರಣಿಗಳ ಟೋಪಿಯಿಂದ ಹಿಡಿದು ಮಕ್ಕಳ ಮೇಲಿನ ದೌರ್ಜನ್ಯದ ತನಕ ಅದರಲ್ಲಿ ವಿಷಯಗಳಿದ್ದವು. 2018ರಲ್ಲಿ ‘ರಾಹ್–ಎ–ಫಕೀರಾ’.

ಆಲ್ಬಂಗಳ ಹೆಸರು ಗಮನಿಸಿದಿರಲ್ಲ? ಇಲ್ಲೇ ನನ್ನ ತಗಾದೆ. ಮೈಸೂರಿನ ಹುಡುಗ, ಬೆಂಗಳೂರಿನ ಬ್ಯಾಂಡು, ನಮ್ಮ ಜಾತ್ರೆಯ ಕುದುರೆ. ಆದರೆ ಹೆಚ್ಚು ಹಾಡು ಹಿಂದಿಯಲ್ಲಿ. ಕಾವೇರಿಯ ಸಂಕಟ ಹೇಳುವ ‘ಪ್ಯಾಸಿ’ ಕೂಡ ಹಿಂದಿಯಲ್ಲೇ. ತಲಕಾವೇರಿಯಿಂದ ಪೂಂಪುಹಾರ್ ತನಕ ಆ ನದಿಯ ದಡದಲ್ಲಿ ಯಾರೂ ಆಡದ ಭಾಷೆಯಲ್ಲಿ ಕಾವೇರಿ ಅತ್ತರೆ ಯಾರಿಗೆ ಕೇಳಬೇಕು? ಲೆಕ್ಕ ನನಗೂ ಅರ್ಥವಾಗುತ್ತದೆ. ಕನ್ನಡದಲ್ಲಿ ಮುನ್ನೆಲೆ ಎಂದರೆ ಸಿನಿಮಾ. ಸಿನಿಮಾದ ಹೊರಗೆ ಕನ್ನಡದ ಸ್ವಂತ ಹಾಡು ಕಟ್ಟಿದವನಿಗೆ ದೆಹಲಿ, ಪುಣೆ, ಗುವಾಹಟಿಯ ವೇದಿಕೆ ಬೇಕೆಂದರೆ ಹಿಂದಿ ಬೇಕಾಗುತ್ತದೆ, ಆ ವೇದಿಕೆಗಳಿಲ್ಲದೆ ಆರು ಜನರ ಹೊಟ್ಟೆ ತುಂಬುವುದಿಲ್ಲ. ಜಾಮ್ ರೂಮಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ, ವಾದ್ಯ ಸಾಗಿಸಲು ಟೆಂಪೊ ಟ್ರಾವೆಲರ್, ಬಂದ ದುಡ್ಡಿನಲ್ಲಿ ಸೌಂಡ್ ಇಂಜಿನಿಯರಿಗೂ ಪಾಲು. ಎಲ್ಲ ಸರಿ. ಆದರೂ ‘ಈ ಭೂಮಿ’ಯಂಥ ಕನ್ನಡದ ಹಾಡಿನಲ್ಲಿ ವಾಸು ಅವರ ಗಂಟಲು ಸಡಿಲವಾಗುವ ರೀತಿ ಕೇಳಿದರೆ, ಇವರು ಇನ್ನಷ್ಟು ಇಲ್ಲೇ ಇರಬಾರದಿತ್ತೆ ಅನಿಸುತ್ತದೆ.

ಅವರಿಗೂ ಅನಿಸಿರಬೇಕು. ‘ವಾಸು ದೀಕ್ಷಿತ್ ಕಲೆಕ್ಟಿವ್’ ಎಂಬ ಇನ್ನೊಂದು ತಂಡ ಕಟ್ಟಿ ಅವರು ದಾಸರ ಪದ, ತತ್ವಪದಗಳತ್ತ ಹೊರಳಿದ್ದಾರೆ. ಮನೆಯಲ್ಲೂ ಅದೇ ಗಾಳಿ: ಪತ್ನಿ ಬಿಂದುಮಾಲಿನಿ ‘ನಾತಿಚರಾಮಿ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರು.

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿರುವ ಸೋದರತ್ತೆಯ ಮನೆಗೆ ಹೋದಾಗ ಮೊಬೈಲಿನಲ್ಲಿ ‘ಈ ಭೂಮಿ’ ಹಾಕಿದೆ. ಅತ್ತೆಗೆ ಎಂಬತ್ತರ ಹತ್ತಿರ. ಹಸಿ ಅವರೆಕಾಯಿ ಬಿಡಿಸುತ್ತ ಕೇಳಿದರು.

“ಯಾರ ಮಗನೋ ಇವನು?”

“ಮೈಸೂರಿನೋರು ಅತ್ತೆ. ದೀಕ್ಷಿತರು.”

“ಹಾಗನ್ನು.” ಎರಡು ಕಾಯಿ ಬಿಡಿಸಿದರು. ಆಮೇಲೆ ಹುಬ್ಬು ಗಂಟಿಕ್ಕಿ, “ಆ ಡಬಡಬ ಸ್ವಲ್ಪ ಕಮ್ಮಿ ಮಾಡೋಕಾಗುತ್ತೇನೋ? ಪಿಟೀಲು ಕೇಳಿಸ್ತಿಲ್ಲ” ಅಂದರು.