ಸಾಮಾಜಿಕ ಜಾಲತಾಣಗಳೂ ಜನಾಂದೋಲನವೂ: 2011ರ ಈಜಿಪ್ಟಿನ ನಿದರ್ಶನ

ಜನಾಂದೋಲನಗಳಲ್ಲಿ ಸಾಮಾಜಿಕ ಜಾಲತಾಣಗಳ ಪಾತ್ರವನ್ನು ಕುರಿತು ಪರಸ್ಪರ ವಿರುದ್ಧವಾದ ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಕ್ರಾಂತಿಯನ್ನುಂಟುಮಾಡುವುವು ಅವೇ ಎಂಬುದು ಒಂದು. ಅವು ಹರಟೆಯ ಜಗಲಿಗಳು ಮಾತ್ರ ಎಂಬುದು ಇನ್ನೊಂದು. ಇವನ್ನು ಒರೆಗೆ ಹಚ್ಚಲು 2011ರ ಈಜಿಪ್ಟಿನ ದಂಗೆಯಷ್ಟು ಅನುಕೂಲವಾದ ನಿದರ್ಶನಗಳು ವಿರಳ. ಏಕೆಂದರೆ ಅಲ್ಲಿ ಚಳವಳಿಯ ನಡುವೆಯೇ ಸರ್ಕಾರವು ಅಂತರ್ಜಾಲವನ್ನು ಕಡಿದುಹಾಕಿತು.

1981ರಿಂದ ಜಾರಿಯಲ್ಲಿದ್ದ ತುರ್ತುಪರಿಸ್ಥಿತಿಯ ಶಾಸನವು ಆ ದೇಶದಲ್ಲಿ ಸಭೆ ಸೇರುವುದನ್ನೇ ದುಸ್ಸಾಧ್ಯಗೊಳಿಸಿದ್ದಿತು. 2010ರ ಜೂನ್ ತಿಂಗಳಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಖಾಲಿದ್ ಸಯೀದ್ ಎಂಬ ತರುಣನು ಪೊಲೀಸರ ಹೊಡೆತದಿಂದ ಮೃತನಾದನು. ಅಧಿಕಾರಿಗಳು ಬೇರೊಂದು ಕಾರಣವನ್ನು ಮುಂದೊಡ್ಡಿದರಾದರೂ, ವಿರೂಪಗೊಂಡ ಆತನ ಮುಖದ ಛಾಯಾಚಿತ್ರವು ಜಾಲದಲ್ಲಿ ಹರಡಿ ಆ ಮಾತನ್ನು ಯಾರೂ ನಂಬದಂತೆ ಮಾಡಿತು. ಗೂಗಲ್ ಸಂಸ್ಥೆಯಲ್ಲಿದ್ದ ವಾಯಿಲ್ ಗೊನೀಮ್ ಎಂಬುವರು ತಮ್ಮ ಹೆಸರನ್ನು ಮರೆಸಿಕೊಂಡು ತೆರೆದ ‘ನಾವೆಲ್ಲರೂ ಖಾಲಿದ್ ಸಯೀದ್’ ಎಂಬ ಫೇಸ್‌ಬುಕ್ ಪುಟವನ್ನು ಲಕ್ಷಾಂತರ ಜನರು ಸೇರಿದರು. ಸಿಟ್ಟನ್ನು ಒಂಟಿಯಾಗಿ ನುಂಗಿಕೊಂಡಿದ್ದವರಿಗೆ, ತಮ್ಮಂತೆಯೇ ಇತರರೂ ಇರುವರೆಂಬ ಅರಿವು ಅಲ್ಲಿ ಮೂಡಿತು. 2011ರ ಜನವರಿ 14ರಂದು ಟ್ಯುನೀಷಿಯಾದ ಅಧ್ಯಕ್ಷ ಬೆನ್ ಅಲಿ ದೇಶವನ್ನು ಬಿಟ್ಟು ಓಡಿದ ಮೇಲೆ, ಪೊಲೀಸ್ ದಿನಾಚರಣೆಯಾದ ಜನವರಿ 25ರಂದೇ ಬೀದಿಗಿಳಿಯಬೇಕೆಂಬ ಕರೆಯು ಇದೇ ಪುಟದಿಂದಲೂ ಹೊರಟಿತು.

ಜನವರಿ 27ರ ರಾತ್ರಿ ಅಂತರ್ಜಾಲ ಸಂಪರ್ಕವು ನಿಂತಿತು. ಮತ್ತೆ ದೊರೆತದ್ದು ಫೆಬ್ರವರಿ 2ರಂದು. ಆದರೆ ಚಳವಳಿ ಕುಗ್ಗಲಿಲ್ಲ. 28ರ ಶುಕ್ರವಾರ ಪ್ರಾರ್ಥನೆಯನ್ನು ಮುಗಿಸಿ ಮಸೀದಿಗಳಿಂದ ಹೊರಬಂದ ಜನಸ್ತೋಮವು 25ರ ಸಮೂಹಕ್ಕಿಂತಲೂ ದೊಡ್ಡದಾಗಿದ್ದಿತು. ಕರೆಯು ಅಷ್ಟರಲ್ಲಿ ಮನೆಮನೆಗೂ ಮುಟ್ಟಿದ್ದಿತು. ಮುಂದಿನ ಕೆಲಸವನ್ನು ನೆರೆಹೊರೆಯವರ ಮಾತು, ಉಪಗ್ರಹ ದೂರದರ್ಶನ, ಕಾಲ್ಚೆಂಡಾಟದ ಅಭಿಮಾನಿಗಳ ಸಂಘಗಳು, ಕಡೆಯ ದಿನಗಳಲ್ಲಿ ಕಾರ್ಮಿಕರ ಮುಷ್ಕರಗಳು ನಡೆಸಿದುವು. ಫೆಬ್ರವರಿ 11ರಂದು ಅಧ್ಯಕ್ಷ ಹೋಸ್ನಿ ಮುಬಾರಕ್ ಅಧಿಕಾರವನ್ನು ತ್ಯಜಿಸಿದರು.

ಮುಂದಿನ ಇತಿಹಾಸವೂ ಅಷ್ಟೇ ವಿಚಾರಾರ್ಹವಾದುದು. 2012ರ ಅಧ್ಯಕ್ಷ ಚುನಾವಣೆಯ ಅಂತಿಮ ಸುತ್ತಿನಲ್ಲಿ ಉಳಿದವರು ಮುಸ್ಲಿಂ ಬ್ರದರ್‌ಹುಡ್ ಸಂಘಟನೆಯ ಮೊಹಮ್ಮದ್ ಮೊರ್ಸಿ ಮತ್ತು ಮುಬಾರಕರ ಕೊನೆಯ ದಿನಗಳ ಪ್ರಧಾನಿ ಅಹಮದ್ ಶಫೀಕ್. ತಹ್ರೀರ್ ಚೌಕವನ್ನು ತುಂಬಿದ್ದ ತರುಣರ ಪ್ರತಿನಿಧಿ ಅಲ್ಲಿರಲಿಲ್ಲ. 2013ರ ಜುಲೈನಲ್ಲಿ ಸೇನೆಯು ಮೊರ್ಸಿಯವರನ್ನು ಪದಚ್ಯುತಗೊಳಿಸಿತು. 2018ರ ಶಾಸನವೊಂದು ಐದು ಸಾವಿರಕ್ಕೂ ಹೆಚ್ಚು ಅನುಯಾಯಿಗಳುಳ್ಳ ಜಾಲತಾಣ ಖಾತೆಗಳನ್ನು ಪತ್ರಿಕೆಗಳಂತೆಯೇ ಸರ್ಕಾರದ ನಿಯಂತ್ರಣಕ್ಕೆ ಒಳಪಡಿಸಿತು.

ಹೀಗೆ, ಚದುರಿದ ಅಸಮಾಧಾನವನ್ನು ಕಣ್ಣಿಗೆ ಕಾಣುವಂತೆ ಮಾಡಿ, ಕೂಡುವ ದಿನವನ್ನೂ ಸ್ಥಳವನ್ನೂ ಗೊತ್ತುಪಡಿಸುವ ಶಕ್ತಿ ಜಾಲತಾಣಕ್ಕುಂಟು. ಕೂಡಿದವರ ಪರವಾಗಿ ಸಂಧಾನ ನಡೆಸುವ, ಭಿನ್ನಮತವನ್ನು ತೀರ್ಮಾನಿಸುವ, ಮತವನ್ನು ಒಟ್ಟುಗೂಡಿಸುವ ಶಕ್ತಿಯನ್ನು ಅದು ತಾನಾಗಿಯೇ ಕೊಡಲಾರದು. ಅದು ವರ್ಷಗಟ್ಟಲೆ ನಡೆಯಬೇಕಾದ ಸಂಘಟನೆಯ ಫಲ. ಆದುದರಿಂದ ಯಾವುದೇ ಆಂದೋಲನವನ್ನು ಅಭ್ಯಸಿಸುವ ವಿದ್ಯಾರ್ಥಿಯು ಜನರು ಹೇಗೆ ನೆರೆದರೆಂಬುದರೊಡನೆ, ನೆರೆದ ಮೇಲೆ ಅವರ ಪರವಾಗಿ ಮಾತನಾಡುವ ಅಧಿಕಾರ ಯಾರಿಗಿದ್ದಿತೆಂಬುದನ್ನೂ ವಿಚಾರಿಸತಕ್ಕದ್ದು.