ಶ್ರೀಗಂಧದ ಪರಾವಲಂಬನ

ಚಂದನದ ನೆರೆಯಲ್ಲಿ ಬೆಳೆದ ಮರಗಳೂ ಕಂಪನ್ನು ಪಡೆಯುವುವೆಂಬುದು ಕವಿಸಮಯ. ಸಸ್ಯಶಾಸ್ತ್ರವು ಕಂಡುದು ಇದಕ್ಕೆ ವಿಪರೀತ: ಕೊಡುವುದು ನೆರೆಯ ಮರ, ಕೊಳ್ಳುವುದು ಗಂಧ. ಸಾಂಟಲಂ ಕುಲದ ಈ ವೃಕ್ಷವು ನೆಲದೊಳಗೆ ಅನ್ಯವೃಕ್ಷಗಳ ಬೇರನ್ನು ತನ್ನ ಹೀರುಬೇರುಗಳಿಂದ ಹಿಡಿದು ನೀರನ್ನೂ ಲವಣಗಳನ್ನೂ ಸೆಳೆದುಕೊಳ್ಳುವುದು. ಎಲೆ ಹಸುರಾದುದರಿಂದ ಶರ್ಕರವನ್ನು ಬಹುಮಟ್ಟಿಗೆ ತಾನೇ ಸಿದ್ಧಪಡಿಸಿಕೊಳ್ಳುವ ಕಾರಣ ಇದು ಅರ್ಧಪರಾವಲಂಬಿ. ಮಾವಿನ ಕೊಂಬೆಯ ಬದನಿಕೆಯೂ ಇಂತಹುದೇ. ಕಣ್ಣಿಗೆ ಬೀಳುವುದರಿಂದ ಅದಕ್ಕೆ ಮಾತ್ರ ಅಪಕೀರ್ತಿ!

1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. 2001ರ ಕಾಯಿದೆಯ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಬೆಳೆದವನೇ ಅದರ ಒಡೆಯನಾದನು. ಆದರೆ ಒಂಟಿಯಾಗಿ ನೆಟ್ಟ ಸಸಿ ಸೊರಗುವುದು. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಬೋಧಿಸುವ ಕ್ರಮದಲ್ಲಿ ಸಸಿಯ ಚೀಲದಲ್ಲಿಯೇ ತೊಗರಿಯನ್ನು ಬಿತ್ತುವರು. ತೋಟದಲ್ಲಿ ಹೊಂಗೆ, ಗಾಳಿಮರಗಳನ್ನು ಜೊತೆಗೆ ನೆಡುವರು. ತೊಗರಿಯನ್ನು ಆಗಾಗ ಸವರಬೇಕು. ಇಲ್ಲವಾದರೆ ಅದು ಗಂಧವನ್ನೇ ಮೀರಿ ಬೆಳೆದು ಬಿಸಿಲನ್ನು ಕಸಿಯುವುದು.